ಮಲೆನಾಡಿಗೆ ಅಡ್ವೆಂಚರ್ ಬೈಕ್: ಡಾಂಬರು ನೋಡಿ ತಗೊಳ್ಳಬೇಕಾ, ಕೆಸರು ನೋಡಿಯಾ?

ಪ್ರಶ್ನೆ (ಹೊಸನಗರ ಕಡೆಯ ಸದಸ್ಯ):

ಅಣ್ಣ, ನಮಸ್ಕಾರ. ಬೈಕ್ ವಿಷಯದಲ್ಲಿ ನಿಮ್ಮದೊಂದು ಮಾತು ಬೇಕಿತ್ತು. ನನ್ನ ಕೆಲಸ ಶಿವಮೊಗ್ಗದಲ್ಲಿ, ಮನೆ ಹೊಸನಗರ ತಾಲ್ಲೂಕು. ಶನಿವಾರ ಮಧ್ಯಾಹ್ನ ಊರಿಗೆ ಹೋದರೆ ಸೋಮವಾರ ಬೆಳಿಗ್ಗೆ ವಾಪಸ್. ಒಂದು ಕಡೆಗೆ 70 ಕಿ.ಮೀ. ಡಾಂಬರು, ಆಮೇಲೆ ಎರಡೂವರೆ ಕಿ.ಮೀ. ಮಣ್ಣು ರಸ್ತೆ. ಕೊನೆಗೆ ತೋಟದ ಪಕ್ಕ ಮನೆಗೆ ಇಳಿಯುವ ಒಂದು ಕಡಿದಾದ ಜಾರು. ಈಗಿರುವ 150 ಸಿಸಿ ಗಾಡಿಗೆ ಹನ್ನೊಂದು ವರ್ಷ ಆಯಿತು. ಅಡ್ವೆಂಚರ್ ಬೈಕ್, ಅಂದರೆ ಡಾಂಬರಿಗೂ ಕಚ್ಚಾ ದಾರಿಗೂ ಆಗುವಂಥ ಎತ್ತರದ ಗಾಡಿ, ತಗೊಳ್ಳೋಣ ಅಂತಿದ್ದೇನೆ. ತಲೆಯಲ್ಲಿರುವುದು ಮೂರು: ಹೀರೋ ಎಕ್ಸ್‌ಪಲ್ಸ್ 200, ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450. ಒಬ್ಬ ಗೆಳೆಯ "ನಿಮ್ಮೂರಿಗೆ ಆಫ್‌ರೋಡ್ ಗಾಡಿಯೇ ಆಗಬೇಕು" ಅನ್ನುತ್ತಾನೆ. ಇನ್ನೊಬ್ಬ "ಓಡಿಸೋದೆಲ್ಲ ಡಾಂಬರಲ್ಲಿ, ಸುಮ್ನೆ ಆ ಎತ್ತರದ ಗಾಡಿ ಯಾಕೆ" ಅನ್ನುತ್ತಾನೆ. ನನ್ನ ಎತ್ತರ 5 ಅಡಿ 6 ಅಂಗುಲ, ತೂಕ 62 ಕೆ.ಜಿ. ತಿಂಗಳಿಗೆ ಎರಡು ಸಲ ಹೆಂಡತಿ ಹಿಂದೆ ಕೂರುತ್ತಾಳೆ. ವರ್ಷಕ್ಕೊಂದು ದೂರದ ಟ್ರಿಪ್ ಇರುತ್ತದೆ.

ಉತ್ತರ (ಮೆಕ್ಯಾನಿಕ್, ಶಿವಮೊಗ್ಗ):

ನಿಮ್ಮ ಪ್ರಶ್ನೆ ಓದಿದ ಕೂಡಲೇ ಕ್ಯಾಲ್ಕ್ಯುಲೇಟರ್ ತೆಗೆದೆ. ಹೋಗಿ ಬರಲು ವಾರಕ್ಕೆ 145 ಕಿ.ಮೀ., ವರ್ಷಕ್ಕೆ ಹತ್ತಿರ ಹತ್ತಿರ 7500. ಅದರಲ್ಲಿ ಮಣ್ಣು ರಸ್ತೆ ವಾರಕ್ಕೆ 5 ಕಿ.ಮೀ. ಬೇಸಿಗೆಯಲ್ಲಿ ಆ ಮಣ್ಣು ರಸ್ತೆಗೆ ಸ್ಕೂಟಿಯೂ ಹೋಗುತ್ತದೆ, ಅಲ್ವಾ? ಕಷ್ಟ ಏನಿದ್ದರೂ ಜೂನ್‌ನಿಂದ ಸೆಪ್ಟೆಂಬರ್. ಅಂದರೆ ವರ್ಷದಲ್ಲಿ ನೀವು ನಿಜವಾಗಿ ಕೆಸರಲ್ಲಿ ಓಡಿಸುವುದು 85 ಕಿ.ಮೀ. 7500ಕ್ಕೆ 85. ಆ 85ಕ್ಕೋಸ್ಕರ ಇಡೀ ಗಾಡಿ ಆರಿಸಬೇಡಿ. ಆದರೆ ಅದನ್ನು ಮರೆತೂ ಆರಿಸಬೇಡಿ. ಬೀಳುವುದಿದ್ದರೆ ಅಲ್ಲೇ ಬೀಳುತ್ತೀರಿ.

ಈ ಜಗಳ ಹೊಸದೇನೂ ಅಲ್ಲ. ಈ ಜಾತಿಯ ಗಾಡಿಗಳಿಗೆಲ್ಲ ದಾರಿ ಹಾಕಿದ್ದು 1980ರಲ್ಲಿ ಬಂದ ಬಿಎಂಡಬ್ಲ್ಯು ಆರ್ 80 ಜಿ/ಎಸ್. ಜರ್ಮನ್‌ನಲ್ಲಿ ಜಿ ಅಂದರೆ ಕಾಡುಮೇಡಿನ ನೆಲ, ಎಸ್ ಅಂದರೆ ರಸ್ತೆ. ಮಧ್ಯೆ ಒಂದು ಗೀಟು. ಮರುವರ್ಷವೇ ಆ ಗಾಡಿ ಪ್ಯಾರಿಸ್–ಡಕಾರ್ ರ್‍ಯಾಲಿ ಗೆದ್ದಿತು. ಜನ ಮಾತ್ರ ಅದನ್ನು ಹೆಚ್ಚಾಗಿ ಊರೂರು ಸುತ್ತಲು ಓಡಿಸಿದರು. ಆ ಗೀಟಿನ ಯಾವ ಕಡೆ ಭಾರ ಹಾಕಬೇಕು ಅನ್ನುವುದು ಇವತ್ತಿಗೂ ಕಂಪನಿಯವರ ತಲೆನೋವು. ನಮಗೂ ಅದೇ.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ಗೋಳಿದೆ. ಇಲ್ಲಿ ಡಾಂಬರು ಅಂದರೆ ಹೈವೇ ಡಾಂಬರಲ್ಲ. ಮರದ ನೆರಳಿಗೆ ಬಿಸಿಲೇ ಬೀಳದ ತಿರುವಿನಲ್ಲಿ ಪಾಚಿ ಕಟ್ಟಿರುತ್ತದೆ. ಬಸ್ಸಿಗೆ ಸೈಡ್ ಕೊಡಲು ಎಡಕ್ಕೆ ಇಳಿಸಿದರೆ ಡಾಂಬರಿನ ಅಂಚು ಕಿತ್ತುಹೋಗಿ ಅರ್ಧ ಅಡಿ ತಗ್ಗು. ಇಳಿಸುವುದು ಸುಲಭ. ಹತ್ತಿಸುವಾಗ ಮುಂದಿನ ಚಕ್ರ ಆ ಅಂಚನ್ನೇ ಸವರಿಕೊಂಡು ಹೋಗಿ ಗಾಡಿ ಮಲಗುತ್ತದೆ. ನನ್ನ ಗ್ಯಾರೇಜಿಗೆ ಮಳೆಗಾಲದಲ್ಲಿ ಬರುವ ಬಾಗಿದ ಹ್ಯಾಂಡಲ್‌ಗಳಲ್ಲಿ ಜಾಸ್ತಿ ಇಂಥವೇ. ಕಾಡಲ್ಲಿ ಬಿದ್ದವು ಕಡಿಮೆ.

ಹಾಗಾಗಿ ನನ್ನ ಮಾತು ಇಷ್ಟು: ಡಾಂಬರಿಗೆ ವಾಲಿದ ಗಾಡಿಯನ್ನೇ ತಗೊಳ್ಳಿ. ಆದರೆ ಅದರ ಸಸ್ಪೆನ್ಷನ್ ಚೆನ್ನಾಗಿರಬೇಕು, ಮುಂದಿನ ಚಕ್ರ 19 ಅಂಗುಲಕ್ಕಿಂತ ಚಿಕ್ಕದಿರಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಬಿದ್ದರೆ ನೀವೊಬ್ಬರೇ ಎತ್ತುವ ಹಾಗಿರಬೇಕು. ಎಕ್ಸ್‌ಪಲ್ಸ್ ಸುಮಾರು 160 ಕೆ.ಜಿ., ವಿ-ಸ್ಟ್ರಾಮ್ 167, ಹಿಮಾಲಯನ್ 196. ಕಾಗದದ ಮೇಲೆ 30 ಕೆ.ಜಿ. ವ್ಯತ್ಯಾಸ ಏನೂ ಅನ್ನಿಸುವುದಿಲ್ಲ. ಆರಿದ್ರಾ ಮಳೆಯಲ್ಲಿ ಸಂಜೆ ಏಳು ಗಂಟೆಗೆ, ಜಾರಿನ ಮಧ್ಯೆ, ಕಾಲಿಗೆ ಉಂಬಳ ಹತ್ತುತ್ತಿರುವಾಗ ಅನ್ನಿಸುತ್ತದೆ.

ನಾನಾಗಿದ್ದರೆ ನಿಮ್ಮ ಲೆಕ್ಕಕ್ಕೆ ವಿ-ಸ್ಟ್ರಾಮ್. ಸೀಟು 835 ಮಿ.ಮೀ., ನಿಮಗೆ ಸ್ವಲ್ಪ ಎತ್ತರವೇ. ಗಾಡಿಯ ಅಡಿಯಿಂದ ನೆಲಕ್ಕೆ 205 ಮಿ.ಮೀ. ಜಾಗ ಇದೆ, ಎಂಜಿನ್ ಕೆಳಗೆ ಕಲ್ಲು ಬಡಿಯದ ಹಾಗೆ ಒಂದು ಗಟ್ಟಿ ಬಾಷ್ ಪ್ಲೇಟ್ ಹಾಕಿಸಿ. ಒಂದು ಕೊರತೆ ಮೊದಲೇ ಹೇಳುತ್ತೇನೆ. ಅದರ ಮುಂದಿನ ಮಡ್‌ಗಾರ್ಡ್ ಟೈರಿಗೆ ತೀರಾ ಹತ್ತಿರ. ನಿಮ್ಮ ಕಡೆಯ ಅಂಟು ಮಣ್ಣು ಅದರೊಳಗೆ ತುಂಬಿಕೊಂಡರೆ ಚಕ್ರ ತಿರುಗುವುದೇ ನಿಲ್ಲುತ್ತದೆ. ಒಂದು ಕೋಲು ಇಟ್ಟುಕೊಳ್ಳಿ, ಕೆರೆದು ತೆಗೆಯಲು. ತಮಾಷೆ ಅಲ್ಲ ಮಾರಾಯ್ರೇ, ನಾನೇ ತೆಗೆದಿದ್ದೇನೆ.

ಪ್ರತಿಕ್ರಿಯೆ (ಸಾಗರದ ಸದಸ್ಯ, ಎಕ್ಸ್‌ಪಲ್ಸ್ ಓಡಿಸುವವರು):

ಸಾರ್, ನಿಮ್ಮ ಲೆಕ್ಕ ಒಪ್ಪಿದೆ, ತೀರ್ಪು ಒಪ್ಪುವುದಿಲ್ಲ. ನಮ್ಮಲ್ಲಿ ಡಾಂಬರೂ ಆಫ್‌ರೋಡೇ ಅಂತ ನೀವೇ ಹೇಳಿದಿರಿ. ಹಾಗಿದ್ದ ಮೇಲೆ 21 ಅಂಗುಲದ ಚಕ್ರ ಇರುವ ಗಾಡಿಯೇ ಸರಿ ತಾನೆ? ನಾನು ಮೂರು ಮಳೆಗಾಲ ಎಕ್ಸ್‌ಪಲ್ಸ್ ಓಡಿಸಿದ್ದೇನೆ. ಬಟನ್ ಟೈರ್ (ಮೈಮೇಲೆ ದಪ್ಪ ಗುಬುಟು ಇರುವಂಥದ್ದು) ಹಾಕಿಸಿದ ಮೇಲಂತೂ ಎಲ್ಲಿ ಬೇಕಾದರೂ ಹತ್ತುತ್ತದೆ.

ಉತ್ತರ (ಮೆಕ್ಯಾನಿಕ್):

ಚಕ್ರದ ಮಾತು ಅರ್ಧ ಸರಿ. 21 ಅಂಗುಲದ ಚಕ್ರ ಗುಂಡಿಯೊಳಗೆ ಪೂರ್ತಿ ಇಳಿಯುವುದಿಲ್ಲ, ಮೇಲಿಂದಲೇ ಉರುಳಿಕೊಂಡು ಹೋಗುತ್ತದೆ. ಕಿತ್ತ ಅಂಚನ್ನೂ ಚೆನ್ನಾಗಿ ಹತ್ತುತ್ತದೆ. ಆದರೆ ಟೈರ್ ತೆಳು, 90 ಮಿ.ಮೀ. ಅಗಲ. ಘಾಟಿ ತಿರುವಿನಲ್ಲಿ ಬೇಗ ಬೇಗ ವಾಲುವುದಿಲ್ಲ, ಬ್ರೇಕ್ ಹಿಡಿದಾಗ ನೆಲದ ಹಿಡಿತವೂ ಸ್ವಲ್ಪ ಕಡಿಮೆ. 19 ಅಂಗುಲ ಅನ್ನುವುದು ನಡುವಿನ ರಾಜಿ.

ಬಟನ್ ಟೈರ್ ಮಾತ್ರ ನಾನು ಒಪ್ಪುವುದೇ ಇಲ್ಲ. ಕಾರಣ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನನಗೂ ಆ ಹುಚ್ಚು ಹಿಡಿದಿತ್ತು. ಮಳೆಗಾಲಕ್ಕೆ ಅಂತಲೇ ಹಳೆ ಹಿಮಾಲಯನ್ 411ಕ್ಕೆ ದಪ್ಪ ಬಟನ್ ಟೈರ್ ಹಾಕಿಕೊಂಡು ಹುಲಿಕಲ್ ಘಾಟಿ ಇಳಿಯುತ್ತಿದ್ದೆ. ವೇಗ 25 ದಾಟಿರಲಿಲ್ಲ. ಒಂದು ತಿರುವಿನಲ್ಲಿ ಯಾವುದೋ ಲಾರಿ ಡೀಸೆಲ್ ಚೆಲ್ಲಿತ್ತು, ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಾಣುತ್ತಿತ್ತು. ಕಂಡ ಮೇಲೂ ಏನೂ ಮಾಡಲು ಆಗಲಿಲ್ಲ. ಮುಂದಿನ ಬ್ರೇಕ್ ಮೆಲ್ಲಗೆ ಮುಟ್ಟಿದೆ, ಅಷ್ಟೇ. ಗಾಡಿ ಒಂದು ಕಡೆ, ನಾನು ಚರಂಡಿ ಕಡೆ. ಎದುರಿಗೆ ಬಸ್ಸು ಬರಲಿಲ್ಲ, ಅದೇ ಪುಣ್ಯ. ಡೀಸೆಲ್ ಮೇಲೆ ಯಾವ ಟೈರೂ ಜಾರುತ್ತದೆ ಅನ್ನಬಹುದು, ನಿಜ. ಆದರೆ ಅದಕ್ಕೂ ಮುಂಚೆ ಮೂರು ತಿರುವಿನಲ್ಲಿ ಗಾಡಿ ಸಣ್ಣಗೆ ಜಾರಿ ಎಚ್ಚರಿಕೆ ಕೊಟ್ಟಿತ್ತು. ನಾನು ಕೇಳಲಿಲ್ಲ.

ಬಟನ್ ಟೈರಿನಲ್ಲಿ ರಬ್ಬರ್ ರಸ್ತೆಗೆ ತಾಗುವ ಜಾಗ ಕಡಿಮೆ. ಕೆಸರಲ್ಲಿ ಆ ಗುಬುಟುಗಳು ನೆಲ ಅಗೆದು ಹಿಡಿಯುತ್ತವೆ. ಡಾಂಬರಲ್ಲಿ ಅಗೆಯಲು ಏನಿದೆ? ವಾಲಿಸಿದಾಗ ಬ್ರೇಕ್ ಹಿಡಿದರೆ ಅವೇ ಬಾಗಿ ಗಾಡಿ ತೇಲಿದ ಹಾಗೆ ಆಗುತ್ತದೆ. ಹಳ್ಳಿಯೊಳಗಿನ ಕಾಂಕ್ರೀಟ್ ಇಳಿಜಾರಿನಲ್ಲಿ ಪಾಚಿ ಇದ್ದರಂತೂ ಮುಗಿಯಿತು. ನೀವು ಮೂರು ಮಳೆಗಾಲ ಬೀಳದೆ ಓಡಿಸಿದ್ದೀರಿ ಅಂದರೆ ನಿಮ್ಮ ಕೈ ಚೆನ್ನಾಗಿದೆ, ಟೈರ್ ಅಲ್ಲ. ಹೊಸನಗರದ ನಮ್ಮ ತಮ್ಮನಿಗೆ ಕಂಪನಿ ಟೈರ್ ಸವೆಯುವವರೆಗೆ ಅದೇ ಸಾಕು. ಆಮೇಲೆ ರಸ್ತೆಗೆ ಎಪ್ಪತ್ತು, ಮಣ್ಣಿಗೆ ಮೂವತ್ತು ಅನ್ನುವ ಥರದ್ದು ಹಾಕಿಸಲಿ.

ಅಂದಹಾಗೆ ಅವರು ಒಂಟಿಯಾಗಿ ಓಡಾಡುವವರಾಗಿದ್ದು, ದೂರದ ಟ್ರಿಪ್ ಇಲ್ಲದಿದ್ದರೆ ನಾನೂ ಎಕ್ಸ್‌ಪಲ್ಸ್ ಅಂತಲೇ ಹೇಳುತ್ತಿದ್ದೆ. ಇಬ್ಬರು ಕೂತು ಬ್ಯಾಗ್ ಕಟ್ಟಿಕೊಂಡು ಹೈವೇಯಲ್ಲಿ ಗಂಟೆಗಟ್ಟಲೆ ಹೋಗುವಾಗ ಆ ಎಂಜಿನ್ ಏದುಸಿರು ಬಿಡುತ್ತದೆ.

ಪ್ರಶ್ನೆ (ತೀರ್ಥಹಳ್ಳಿಯ ಸದಸ್ಯೆ):

ಸರ್, ನನ್ನ ಎತ್ತರ 5 ಅಡಿ 2 ಅಂಗುಲ. ಆಗುಂಬೆ ಕಡೆಗೆ ವಾರಕ್ಕೆ ಎರಡು ಸಲ ಕೆಲಸದ ಮೇಲೆ ಹೋಗುತ್ತೇನೆ. ಎಕ್ಸ್‌ಪಲ್ಸ್ ಇಷ್ಟ, ಆದರೆ ಕಾಲು ಸಿಗುವುದಿಲ್ಲ. ಹಿಂದಿನ ಸಸ್ಪೆನ್ಷನ್ ಇಳಿಸಿ ಗಾಡಿ ತಗ್ಗಿಸಿಕೊಡುತ್ತೇವೆ ಅಂತ ಒಂದು ಕಡೆ ಹೇಳಿದರು. ಮಾಡಿಸಬಹುದಾ?

ಉತ್ತರ (ಮೆಕ್ಯಾನಿಕ್):

ಬೇಡ ಮೇಡಂ. ಹಿಂದೆ ಮಾತ್ರ ಇಳಿಸಿದರೆ ಗಾಡಿಯ ಮೂತಿ ಮೇಲಕ್ಕೆ ಏಳುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಮಂಕಾಗುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ನೆಟ್ಟಗೆ ನಿಂತು ಆ ಕಡೆಗೆ ಬೀಳುತ್ತದೆ. ಅಡಿಯ ಜಾಗವೂ ಹೋಗುತ್ತದೆ. ಯಾವುದಕ್ಕೋಸ್ಕರ ಎತ್ತರದ ಗಾಡಿ ತಗೊಂಡಿರೋ ಅದೇ ಇಲ್ಲ.

ಮೊದಲು ಸೀಟು ಕೆತ್ತಿಸಿ. ಎತ್ತರಕ್ಕಿಂತ ಸೀಟಿನ ಮುಂಭಾಗದ ಅಗಲ ಕಾಲನ್ನು ದೂರ ಮಾಡುತ್ತದೆ. ಎರಡೂ ಬದಿ ಸ್ವಲ್ಪ ಸವರಿಸಿದರೆ ಪಾದ ಒಂದು ಅಂಗುಲ ಹತ್ತಿರ ಬರುತ್ತದೆ. ದಪ್ಪ ಅಡಿಯ ಬೂಟ್ ಇನ್ನೊಂದಿಷ್ಟು ಕೊಡುತ್ತದೆ. ಎರಡೂ ಕಾಲು ಊರಲೇಬೇಕು ಅಂತಿಲ್ಲ, ಎಡಗಾಲು ಗಟ್ಟಿಯಾಗಿ ಸಿಕ್ಕರೆ ಸಾಕು. ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದನ್ನು ಮಾತ್ರ ಮೊದಲೇ ಯೋಚಿಸಿ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಒಳಮಗ್ಗುಲಿಗೆ ನಿಲ್ಲಿಸಿದರೆ ನನ್ನ ಕಾಲೂ ಸಿಗುವುದಿಲ್ಲ. ನಾನು 5 ಅಡಿ 9.

ಪ್ರಶ್ನೆ (ಭದ್ರಾವತಿಯ ಸದಸ್ಯ):

ಚಕ್ರಕ್ಕೆ ತಂತಿಯ ಸ್ಪೋಕ್ಸ್ ಒಳ್ಳೆಯದಾ, ಎರಕದ ಅಲಾಯ್ ಒಳ್ಳೆಯದಾ?

ಉತ್ತರ (ಮೆಕ್ಯಾನಿಕ್):

ಕಲ್ಲಿಗೆ ಹೊಡೆದರೆ ಸ್ಪೋಕ್ ರಿಮ್ ಬಾಗುತ್ತದೆ, ಬಡಿದು ಸರಿ ಮಾಡಬಹುದು. ಅಲಾಯ್ ಸೀಳುತ್ತದೆ. ಆದರೆ ಸ್ಪೋಕ್ ಗಾಡಿಗಳಲ್ಲಿ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ. ರಾತ್ರಿ ಮಾಸ್ತಿಕಟ್ಟೆ ಹತ್ತಿರ ಪಂಚರ್ ಆದರೆ ಚಕ್ರ ಬಿಚ್ಚಿ ಕೂರಬೇಕು. ಟ್ಯೂಬ್‌ಲೆಸ್ ಅಲಾಯ್‌ಗೆ ಐದು ನಿಮಿಷದಲ್ಲಿ ತೂತಿಗೆ ರಬ್ಬರ್ ಬತ್ತಿ ತುರುಕಿ, ಪಂಪ್ ಹೊಡೆದು ಹೊರಡಬಹುದು. ಡಾಂಬರು ಜಾಸ್ತಿ ಓಡಿಸುವವರಿಗೆ ನಾನು ಅಲಾಯ್ ಅನ್ನುತ್ತೇನೆ. ಹಿಮಾಲಯನ್ 450ಕ್ಕೆ ಟ್ಯೂಬ್‌ಲೆಸ್ ಸ್ಪೋಕ್ ಚಕ್ರವೂ ಬರುತ್ತದೆ, ದುಡ್ಡು ಜಾಸ್ತಿ.

ಪ್ರಶ್ನೆ (ಸಾಗರದ ಇನ್ನೊಬ್ಬ ಸದಸ್ಯ):

ಅಣ್ಣ, ಇಂಥ ಗಾಡಿ ತಗೊಂಡು ಕೊಡಚಾದ್ರಿ ಜೀಪ್ ರಸ್ತೆ ಹತ್ತದಿದ್ದರೆ ಏನು ಬಂತು?

ಉತ್ತರ (ಮೆಕ್ಯಾನಿಕ್):

ತಮ್ಮಾ, ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿಧಾಮದಲ್ಲಿ. ಅರಣ್ಯ ಇಲಾಖೆಯವರು ಬಿಟ್ಟ ದಾರಿಯಲ್ಲಿ, ಬಿಟ್ಟ ಗಾಡಿಯಲ್ಲಿ ಹೋಗಬೇಕು. ಗೇಟಿನಲ್ಲಿ ಕೇಳಿ, ಬೇಡ ಅಂದರೆ ಬೇಡ. ಆ ರಸ್ತೆಯ ಕೊರಕಲಿನಲ್ಲಿ ಜೀಪಿನವರು ದಿನಾ ಓಡಾಡಿ ಪಳಗಿದ್ದಾರೆ. ಎದುರಿಗೆ ಜೀಪು ಬಂದರೆ ಬೈಕು ಎಲ್ಲಿಗೆ ಇಳಿಸುತ್ತೀರಿ? ಬೇಸಿಗೆಯಲ್ಲಿ ಒಣ ದರಗಿನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವವರಿಗೆ ಇನ್ನೊಂದು ಮಾತು. ಮಂಗನ ಕಾಯಿಲೆಯ ಉಣುಗು ಇರುವುದು ಅಲ್ಲೇ. 1957ರಲ್ಲಿ ಅದು ಮೊದಲು ಪತ್ತೆಯಾಗಿದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ, ಬೇರೆಲ್ಲೋ ಅಲ್ಲ. ಬೈಕ್ ಪ್ರಶ್ನೆಗೆ ಇದು ಸಂಬಂಧ ಇಲ್ಲ, ಆದರೂ ಹೇಳಿದೆ.

ಪ್ರತಿಕ್ರಿಯೆ (ಹೊಸನಗರ ಕಡೆಯ ಸದಸ್ಯ):

ಅಣ್ಣ, ನೀವು ಹೇಳಿದ ಮೇಲೆ ಒಂದು ಕೆಲಸ ಮಾಡಿದೆ. ಭಾನುವಾರ ಗೆಳೆಯನ ಹಿಮಾಲಯನ್ 450 ತರಿಸಿ, ಅಂಗಳದಲ್ಲಿ ಒಣಹುಲ್ಲು ಹಾಸಿ ಮೆಲ್ಲಗೆ ಮಲಗಿಸಿದೆವು. ಸಮತಟ್ಟಿನಲ್ಲಿ ಎರಡನೇ ಸಲಕ್ಕೆ ಎತ್ತಿದೆ. ಜಾರಿನಲ್ಲಿ ಆಗಲೇ ಇಲ್ಲ. ಹೆಂಡತಿ ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಅವಳ ತವರಿಗೆಲ್ಲ ಕಳಿಸಿದ್ದಾಳೆ. ಹಾಗಾಗಿ ಹಿಮಾಲಯನ್ ಕೈಬಿಟ್ಟೆ. ವಿ-ಸ್ಟ್ರಾಮ್ ತಗೊಂಡರೆ ಆ ಜಾರು ಇಳಿಯುವಾಗ ಎಬಿಎಸ್ ತೊಂದರೆ ಮಾಡುತ್ತದೆ ಅಂತ ಯಾರೋ ಹೇಳಿದರು. ನಿಜವಾ?

ಉತ್ತರ (ಮೆಕ್ಯಾನಿಕ್):

ನಿಜ. ಸಡಿಲ ಜಲ್ಲಿ ಮೇಲೆ, ಕೆಸರಿನ ಮೇಲೆ ಚಕ್ರ ಲಾಕ್ ಆಗುವ ಹಾಗೆ ಕಂಡರೆ ಎಬಿಎಸ್ ಬ್ರೇಕ್ ಬಿಟ್ಟು ಬಿಟ್ಟು ಹಿಡಿಯುತ್ತದೆ. ಡಾಂಬರಲ್ಲಿ ಅದು ಜೀವ ಉಳಿಸುತ್ತದೆ. ಕಡಿದಾದ ಮಣ್ಣಿನ ಇಳಿಜಾರಿನಲ್ಲಿ ಬ್ರೇಕೇ ಇಲ್ಲವೇನೋ ಅನ್ನಿಸುತ್ತದೆ. ಹಿಮಾಲಯನ್‌ನಲ್ಲಿ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡಬಹುದು, ವಿ-ಸ್ಟ್ರಾಮ್‌ನಲ್ಲಿ ಆಗುವುದಿಲ್ಲ. ಉಪಾಯ ಹಳೆಯದೇ. ಜಾರು ಶುರುವಾಗುವ ಮುಂಚೆಯೇ ಒಂದನೇ ಗೇರಿಗೆ ಬನ್ನಿ, ಕ್ಲಚ್ ಪೂರ್ತಿ ಬಿಡಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಹಿಂದಿನ ಬ್ರೇಕ್ ಸವರಿದ ಹಾಗೆ, ಮುಂದಿನದು ಒಂದೇ ಬೆರಳು. ಮಧ್ಯದಲ್ಲಿ ಹೆದರಿ ಕ್ಲಚ್ ಹಿಡಿದಿರೋ, ಗಾಡಿ ಉರುಳಿಕೊಂಡು ಹೋಗುತ್ತದೆ. ಹೆಂಡತಿಯನ್ನು ಮೇಲೆಯೇ ಇಳಿಸಿ, ಅವರು ನಡೆದು ಬರಲಿ.

ಬುಕ್ ಮಾಡುವ ಮುಂಚೆ ಆ ಜಾರಿನ ಒಂದು ಫೋಟೋ ಹಾಕಿ. ಮಳೆ ನೀರು ಅಂಚಿನಲ್ಲಿ ಹರಿಯುತ್ತದಾ, ಮಧ್ಯದಲ್ಲಾ ನೋಡಬೇಕು. ಮಧ್ಯದಲ್ಲಿ ಹರಿದು ಕೊರಕಲು ಬಿದ್ದಿದ್ದರೆ ಯಾವ ಗಾಡಿ ತಂದರೂ ಅಷ್ಟೇ. ಮೇಲ್ಗಡೆ ಒಂದು ಅಡ್ಡ ಚರಂಡಿ ಹೊಡೆಸಿ ನೀರು ತಿರುಗಿಸಿ, ಒಂದು ಲೋಡ್ ಜಲ್ಲಿ ಹಾಕಿಸಿ.

ಪ್ರತಿಕ್ರಿಯೆ (ಹೊಸನಗರ ಕಡೆಯ ಸದಸ್ಯ):

ನಮ್ಮ ಅಪ್ಪ ಐದು ವರ್ಷದಿಂದ ಅದೇ ಹೇಳುತ್ತಿದ್ದಾರೆ ಅಣ್ಣ.