ಸಹಾಯ ಬೇಕು: ಮೈಸೂರಿನ ಕೆರೆ, ಬೆಟ್ಟ ಸೇರಿಸಿದ ಯೋಜನೆ ಯಾರಿಗೆ ಕೊಡೋದು?

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ಏಳೆಂಟು ಜನ, ಬೆಳಗಿನ ವಾಕಿಂಗ್‌ನಲ್ಲಿ ಪರಿಚಯ ಆದವರು. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳನ್ನೂ ಚಾಮುಂಡಿ ಬೆಟ್ಟವನ್ನೂ ಮರದ ನೆರಳಿನ ದಾರಿಗಳಿಂದ ಜೋಡಿಸಬೇಕು ಅನ್ನೋದು ನಮ್ಮ ಆಸೆ. ಜನರಿಗೆ ಓಡಾಡೋಕೆ ಜಾಗ, ಹಕ್ಕಿಗಳಿಗೂ ನೆಮ್ಮದಿ.

ನಕ್ಷೆ ತಯಾರಾಗಿದೆ. ಹೆಜ್ಜಾರ್ಲೆಗಳು (ಪೆಲಿಕಾನ್ ಹಕ್ಕಿಗಳು) ಕೂರುವ ಕಡೆ ಕೆಂಪು ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಅಲ್ಲಿ ದಾರಿಯೇ ಬೇಡ ಅಂತ ಬರೆದಿದ್ದೇವೆ. (ಸೈಕಲ್ ಬಿಡಬೇಕಾ ಬೇಡವಾ ಅಂತ ನಮ್ಮಲ್ಲೇ ಇನ್ನೂ ಜಗಳ, ಅದು ಬಿಡಿ.)

ತೊಡಕಿರೋದು ಒಡೆತನದಲ್ಲಿ. ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ್ದು, ಕಾರಂಜಿ ಮೃಗಾಲಯದ ಕೈಯಲ್ಲಿ, ಲಿಂಗಾಂಬುಧಿ ಮತ್ತು ಬೆಟ್ಟದ ಕಾಡು ಅರಣ್ಯ ಇಲಾಖೆಯ ಕೈಯಲ್ಲಿ. ನಡುವೆ ಬರುವ ರಸ್ತೆ, ರಾಜಕಾಲುವೆ ಇನ್ಯಾರದ್ದೋ. ಒಂದು ಕಚೇರಿಗೆ ಮೂರು ಸಲ ಹೋದೆವು. "ಐಡಿಯಾ ಚೆನ್ನಾಗಿದೆ, ಆದ್ರೆ ನಮ್ಮ ವ್ಯಾಪ್ತಿಗೆ ಬರಲ್ಲ" ಅಂದರು. ಇನ್ನೊಂದು ಕಡೆ ಅರ್ಜಿ ತಗೊಂಡು ಸೀಲ್ ಹೊಡೆದು ಕೊಟ್ಟರು, ಅಷ್ಟೇ. ಮಾಹಿತಿ ಹಕ್ಕಿನಲ್ಲಿ ಕೇಳಿದರೂ ಎಲ್ಲರೂ ತಮ್ಮ ಬೇಲಿಯ ಒಳಗಿನದ್ದಷ್ಟೇ ಹೇಳುತ್ತಾರೆ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಮಾಸ್ಟರ್ ಪ್ಲಾನ್‌ನಲ್ಲಿ (ಊರಿನ ಯಾವ ಜಾಗ ಯಾವುದಕ್ಕೆ ಅಂತ ಹೇಳುವ ಯೋಜನೆ) ಉದ್ಯಾನ, ಬಯಲು ಜಾಗ ಗುರುತಿಸಬಹುದು, ಸಾರ್ವಜನಿಕರು ಸಲಹೆ ಕೊಡಬಹುದು ಅಂತ ಓದಿದೆ. ಗೊಂದಲ ಇರೋದು ಅಲ್ಲೇ. ಇಡೀ ಜಾಲವನ್ನು ಒಂದೇ ಪ್ರಸ್ತಾವವಾಗಿ ಮಾಸ್ಟರ್ ಪ್ಲಾನ್‌ಗೆ ಕೊಡಬಹುದಾ? ಅಥವಾ ಮೊದಲು ಎಲ್ಲರ ಹತ್ತಿರವೂ ಬೇರೆ ಬೇರೆ ಒಪ್ಪಿಗೆ ಪತ್ರ ತರಬೇಕಾ? ಇಂಥದ್ದು ನಿಮ್ಮ ಊರಲ್ಲಿ ಮಾಡಿದವರಿದ್ದರೆ, ಮೊದಲ ಅರ್ಜಿ ಯಾರ ಹೆಸರಿಗೆ ಬರೆದಿರಿ ಅಂತ ಹೇಳಿ ಪ್ಲೀಸ್.