ಅಪ್‌ಡೇಟ್: ಬೊಲೊನ್ಯಾದಲ್ಲಿ ನಮ್ಮವರು ಸಿಕ್ಕರು!

ಓದಲು ಇಟಲಿಯ ಬೊಲೊನ್ಯಾಗೆ ಬಂದಿರುವ ಟ್ರಾನ್ಸ್ ಹುಡುಗಿ ನಾನು. ಇಲ್ಲಿ ನನ್ನಂಥವರು ಎಲ್ಲಿ ಸಿಗುತ್ತಾರೆ ಅಂತ ಕೇಳಿದ್ದೆನಲ್ವಾ?

ನಿಮ್ಮಲ್ಲಿ ಕೆಲವರು ಕೊಟ್ಟ ಡೇಟಿಂಗ್ ಆ್ಯಪ್ ಸಲಹೆ ಉಪಯೋಗಕ್ಕೆ ಬರಲಿಲ್ಲ. ಹಾಯ್ ಅಂದ ಕೂಡಲೇ "ಆಪರೇಷನ್ ಆಗಿದೆಯಾ?" ಅನ್ನುವವರೇ ಜಾಸ್ತಿ. ಡಿಲೀಟ್ ಮಾಡಿದೆ.

ಕೆಲಸಕ್ಕೆ ಬಂದದ್ದು "ಎಂಐಟಿಗೆ ಹೋಗು" ಅಂದವರ ಮಾತು. ಎಂಐಟಿ ಅಂದರೆ ಅಮೆರಿಕದ ಕಾಲೇಜಲ್ಲ, 1979ರಲ್ಲಿ ಶುರುವಾದ ಇಟಲಿಯ ಟ್ರಾನ್ಸ್ ಸಂಘಟನೆ. ಲಿಂಗ ಬದಲಾವಣೆಗೆ ಮಾನ್ಯತೆ ಕೊಟ್ಟ 1982ರ 164ನೇ ಕಾಯ್ದೆಗಾಗಿ ಹೋರಾಡಿದವರು ಇವರು. ಇದರ ಮುಖಂಡರಾಗಿದ್ದ ಮಾರ್ಚೆಲ್ಲಾ ದಿ ಫೋಲ್ಕೊ 1995ರಲ್ಲೇ ಇಲ್ಲಿನ ನಗರಸಭೆಗೆ ಆಯ್ಕೆಯಾಗಿದ್ದರಂತೆ! ನನ್ನ ಹರುಕು ಮುರುಕು ಇಟಾಲಿಯನ್ ಕೇಳಿ ಯಾರೂ ಮುಖ ಸಿಂಡರಿಸಲಿಲ್ಲ. ಒಬ್ಬ ಹಿರಿಯ ಹೆಂಗಸು ಕಾಫಿ ಕೈಗಿಟ್ಟು, ನನ್ನ ಹೆಸರನ್ನು ಸರಿಯಾಗಿ ಹೇಳಲು ತನಗೆ ಬರುವವರೆಗೂ ಪ್ರಯತ್ನ ಬಿಡಲಿಲ್ಲ.

ಕಸ್ಸೆರೊ ಅಂತ ಹೇಳಿದವರಿಗೂ ಥ್ಯಾಂಕ್ಸ್. ಹಳೇ ಉಪ್ಪಿನ ಗೋದಾಮಿನಲ್ಲಿರುವ ಎಲ್‌ಜಿಬಿಟಿ ಕೇಂದ್ರ ಅದು. ಡ್ಯಾನ್ಸ್ ರಾತ್ರಿ ನನಗೆ ಗದ್ದಲ ಅನ್ನಿಸಿತು, ಲೈಬ್ರರಿ ಮಾತ್ರ ತುಂಬ ಹಿಡಿಸಿತು. ಇಟಲಿಯ ಇಂಥ ಎಷ್ಟೋ ಕ್ಲಬ್‌ಗಳಿಗೆ ಆರ್ಚಿಗೇ ಅನ್ನುವ ಎಲ್‌ಜಿಬಿಟಿ ಸಂಘಟನೆಯ ಸದಸ್ಯತ್ವದ ಕಾರ್ಡ್ ಬೇಕು, ಹೊರಡುವ ಮುಂಚೆ ಕೇಳಿಕೊಳ್ಳಿ.

ಇನ್ನೊಂದು ವಿಷಯ ಅಲ್ಲೇ ಗೊತ್ತಾಯಿತು. ಇಲ್ಲಿನ ಯೂನಿವರ್ಸಿಟಿಯಲ್ಲಿ "ಅಲಿಯಾಸ್" ಅರ್ಜಿ ಹಾಕಿದರೆ ಪಾಸ್‌ಪೋರ್ಟ್ ಬದಲಾಗದಿದ್ದರೂ ನಾವು ಆರಿಸಿಕೊಂಡ ಹೆಸರಲ್ಲೇ ಓದಬಹುದು. ನಾನು ಅರ್ಜಿ ಹಾಕಿದ್ದಾಯಿತು.