ಕರೆಂಟ್ ಹೋದ ಮೇಲೆ ಇಎಕ್ಸ್‌ಟಿ4 ವಿಭಾಗ ಮೌಂಟ್ ಆಗುತ್ತಿಲ್ಲ

ಪ್ರಶ್ನೆ: ನಿನ್ನೆ ಕಡತಗಳ ನಕಲು ನಡೆಯುತ್ತಿದ್ದಾಗಲೇ ಕರೆಂಟ್ ಹೋಯಿತು. ಅಂದಿನಿಂದ ನನ್ನ 1 ಟಿಬಿ ಹಾರ್ಡ್‌ಡಿಸ್ಕಿನ ಇಎಕ್ಸ್‌ಟಿ4 (ಲಿನಕ್ಸ್‌ನ ಕಡತ ವ್ಯವಸ್ಥೆ) ವಿಭಾಗ ಮೌಂಟ್ ಆಗದೆ (ಬಳಕೆಗೆ ತೆರೆದುಕೊಳ್ಳದೆ), ಸೂಪರ್‌ಬ್ಲಾಕ್ (ಕಡತ ವ್ಯವಸ್ಥೆಯ ಮೂಲ ವಿವರಗಳಿರುವ ಭಾಗ) ಸರಿಯಿಲ್ಲವೆಂಬ ಸಂದೇಶ ತೋರಿಸುತ್ತಿದೆ. ಮಗಳ ನಾಮಕರಣದ ಫೋಟೊಗಳು ಅದರಲ್ಲೇ ಇವೆ. ಕಡತ ವ್ಯವಸ್ಥೆಯನ್ನು ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಆದೇಶವನ್ನು ನೇರವಾಗಿ ಓಡಿಸಬಹುದೇ?

ಉತ್ತರ: ದಯವಿಟ್ಟು ಅವಸರಪಡಬೇಡಿ. ಎಫ್‌ಎಸ್‌ಸಿಕೆ ದುರಸ್ತಿಗಾಗಿ ಡಿಸ್ಕಿನ ಮೇಲೆಯೇ ಬರೆಯುವುದರಿಂದ, ಮೊದಲು ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶ ಬಳಸಿ ಇಡೀ ವಿಭಾಗದ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದುಕೊಂಡು, ಪ್ರಯೋಗಗಳನ್ನೆಲ್ಲ ಆ ಪ್ರತಿಯ ಮೇಲೆ ಮಾಡುವುದು ಕ್ಷೇಮ. ಡಿಮೆಸೇಜ್‌ನಲ್ಲಿ (ಲಿನಕ್ಸ್ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಆದೇಶ) ಡಿಸ್ಕನ್ನು ಓದುವಾಗಿನ ದೋಷಗಳು ಕಂಡರೆ ಕೇಬಲ್ಲನ್ನೂ ಒಮ್ಮೆ ಬದಲಿಸಿ ನೋಡಿ.

ಇನ್ನೊಂದು ಉತ್ತರ: ಮೇಲಿನ ಮಾತು ಸರಿ. ಇಎಕ್ಸ್‌ಟಿ4 ತನ್ನ ಸೂಪರ್‌ಬ್ಲಾಕಿನ ಮೀಸಲು ಪ್ರತಿಗಳನ್ನು ಡಿಸ್ಕಿನ ಹಲವೆಡೆ ಇಟ್ಟಿರುತ್ತದೆ. ಬ್ಲಾಕ್ ಗಾತ್ರ 4096 ಬೈಟ್ ಇದ್ದರೆ ಸಾಮಾನ್ಯವಾಗಿ ಮೊದಲನೆಯದು ಬ್ಲಾಕ್ ಸಂಖ್ಯೆ 32768ರಲ್ಲಿ, ಮುಂದಿನದು 98304ರಲ್ಲಿ ಸಿಗುತ್ತದೆ. ಇ2ಎಫ್‌ಎಸ್‌ಸಿಕೆಗೆ (ಇಎಕ್ಸ್‌ಟಿ ವಿಭಾಗಗಳಿಗೆಂದೇ ಇರುವ ಎಫ್‌ಎಸ್‌ಸಿಕೆ) ಸಣ್ಣ ‘ಬಿ’ ಆಯ್ಕೆಯೊಡನೆ ಆ ಸಂಖ್ಯೆಯನ್ನು ಕೊಡಿ. ಮೀಸಲು ಪ್ರತಿಗಳ ಸ್ಥಾನಗಳನ್ನು ತಿಳಿಯಲು, ವಿಭಾಗವನ್ನು ಫಾರ್ಮ್ಯಾಟ್ ಮಾಡುವ ಎಂಕೆಇ2ಎಫ್‌ಎಸ್ ಆದೇಶವನ್ನು ಓಡಿಸುವುದಾದರೆ ಸಣ್ಣ ‘ಎನ್’ ಆಯ್ಕೆಯನ್ನು ಮರೆಯಲೇಬೇಡಿ: ಅದಿಲ್ಲದಿದ್ದರೆ ಆ ಆದೇಶ ಪಟ್ಟಿ ಕೊಡುವ ಬದಲು ವಿಭಾಗವನ್ನೇ ಹೊಸದಾಗಿ ಫಾರ್ಮ್ಯಾಟ್ ಮಾಡಿಬಿಡುತ್ತದೆ. ಒಮ್ಮೆ ಹಾಗೆ ಮಾಡಿ ಕೈ ಸುಟ್ಟುಕೊಂಡವನು ನಾನು.

ಪ್ರಶ್ನೆ ಕೇಳಿದವರು: ಡಿಸ್ಕಿನ ಪ್ರತಿಯ ಮೇಲೆ ಇ2ಎಫ್‌ಎಸ್‌ಸಿಕೆಗೆ 32768 ಕೊಟ್ಟಾಗ ದುರಸ್ತಿ ಮುಗಿದು, ವಿಭಾಗ ಮೌಂಟ್ ಆಯಿತು. ಆದರೆ ಹಲವು ಫೋಟೊಗಳು ಹೆಸರು ಕಳೆದುಕೊಂಡು, ಲಾಸ್ಟ್+ಫೌಂಡ್ ಕಡತಕೋಶದಲ್ಲಿ ‘#’ ಚಿಹ್ನೆಯ ನಂತರ ಬರಿಯ ಸಂಖ್ಯೆಗಳಾಗಿ ಕುಳಿತಿವೆ.

ಉತ್ತರ: ಅವು ಐನೋಡ್ ಸಂಖ್ಯೆಗಳು, ಅಂದರೆ ಕಡತ ವ್ಯವಸ್ಥೆಯು ಕಡತಗಳಿಗೆ ಕೊಡುವ ಗುರುತಿನ ಸಂಖ್ಯೆಗಳು. ‘ಫೈಲ್’ ಆದೇಶವು ಒಳಗಿನ ಬೈಟ್‌ಗಳನ್ನು ನೋಡಿ ಯಾವುದು ಜೆಪೆಗ್ ಎಂದು ಹೇಳುತ್ತದೆ. ಫೋಟೊ ತೆಗೆದ ದಿನಾಂಕ ಎಕ್ಸಿಫ್ ಮಾಹಿತಿಯಲ್ಲಿ (ಕ್ಯಾಮೆರಾ ಫೋಟೊದೊಳಗೇ ಬರೆದಿಡುವ ವಿವರಗಳು) ಉಳಿದಿದ್ದರೆ ಅದರಂತೆಯೇ ಹೆಸರಿಡಬಹುದು.